ಸರ್ಕಾರಿ ನೌಕರರು, ಬಸ್‌ನವ್ರು, ಟೀಚರ್‌ಗಳ ಸಂಬಳಕ್ಕೆ ಕತ್ತರಿ ಬಿದ್ರೆ ನಾವು ಅಯ್ಯೋ ಅನ್ಬೇಕಾ?

ಪರ

ಸರ್ಕಾರಿ ನೌಕರರ ಸಂಬಳ ಕಟ್ ಆಯ್ತಂತೆ ಅಂದ್ರೆ ಬೆಂಗ್ಳೂರಲ್ಲಿ ಮೊದ್ಲು ಬರೋ ಮಾತು 'ಆಗ್ಲಿ ಬಿಡು, ಗಿಂಬಳ ಇದ್ಯಲ್ಲ' ಅಂತ. ನಾನೂ ಅಂದಿದ್ದೀನಿ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಗಿಂಬಳ ಸಿಗೋ ಕುರ್ಚಿ ಎಷ್ಟಿವೆ ಸ್ವಲ್ಪ ಲೆಕ್ಕ ಹಾಕಿ. ನಾಲ್ಕನೇ ಕ್ಲಾಸಿಗೆ ಕನ್ನಡ ಹೇಳಿಕೊಡೋ ಮೇಡಂಗೆ ಯಾರ್ರೀ ಗಿಂಬಳ ಕೊಡ್ತಾರೆ?

2025ರ ಅಕ್ಟೋಬರಲ್ಲಿ ಮನೆ ಮನೆ ಜಾತಿ ಸಮೀಕ್ಷೆ ನಡೀತಲ್ಲ, ನಮ್ ಬೀದಿಗೆ ಬಂದಿದ್ದು ಒಬ್ರು ಸರ್ಕಾರಿ ಸ್ಕೂಲ್ ಮೇಡಂ, ವಯಸ್ಸು ಐವತ್ತರ ಮೇಲೆ, ಒಂದು ಕೈಲಿ ಛತ್ರಿ ಇನ್ನೊಂದು ಕೈಲಿ ಫೋನು, ಆ್ಯಪ್ ಸುತ್ತುತ್ತಾನೇ ಇದೆ, ಓಟಿಪಿ ಬರ್ತಿಲ್ಲ, ಮೂರನೇ ಮಹಡಿಯವ್ರು ಬಾಲ್ಕನಿಯಿಂದಾನೇ 'ನಮಗೆ ಇಷ್ಟ ಇಲ್ಲ, ಹೋಗಿ' ಅಂದ್ರು. ನಮ್ಮನೇಲಿ ಒಂದು ಲೋಟ ನೀರು ಕುಡಿದು 'ಮೆಟ್ಲು ಹತ್ತಿ ಹತ್ತಿ ಮಂಡಿ ಹೋಯ್ತಪ್ಪ' ಅಂದ್ಕೊಂಡು ಎದುರು ಮನೆ ಗೇಟ್ ತಟ್ಟೋಕೆ ಹೋದ್ರು. ಇಂಥವ್ರಿಗೇ 2020ರ ಜನವರಿಯಿಂದ 2021ರ ಜೂನ್ ತನಕ ಡಿಎ, ಅಂದ್ರೆ ತುಟ್ಟಿಭತ್ಯೆ, ಮೂರು ಕಂತು ನಿಲ್ಲಿಸಿದ್ದು, ಆ 18 ತಿಂಗಳದ್ದು ಬಾಕೀನೂ ಬರ್ಲಿಲ್ಲ. ನಾವ್ಯಾರೂ ಒಂದ್ಮಾತು ಕೇಳ್ಲಿಲ್ಲ.

ಸಾರಿಗೆಯವ್ರ ಕಥೆ ಇನ್ನೂ ಕಷ್ಟ. 2021ರ ಏಪ್ರಿಲ್ 7ಕ್ಕೆ ಮುಷ್ಕರ ಶುರು, ಆರನೇ ವೇತನ ಆಯೋಗದ ಪ್ರಕಾರ ಸಂಬಳ ಕೊಡಿ ಅಂತ. ಮೆಜೆಸ್ಟಿಕ್ಕಲ್ಲಿ ಬಿಎಂಟಿಸಿ ನಿಲ್ಲೋ ಜಾಗದಲ್ಲಿ ಪ್ರೈವೇಟ್ ಬಸ್ ಬಂದು ನಿಂತ್ವು, ಮುಷ್ಕರಕ್ಕೆ ಹೋದವ್ರಿಗೆ ಆಗ್ಲೇ ದುಡಿದಿದ್ದ ಮಾರ್ಚ್ ಸಂಬಳಾನೂ ತಡೆಹಿಡಿದ್ರು, ಯುಗಾದಿ ಹಿಂದಿನ ದಿನ ಹೆಂಡ್ತಿ ಮಕ್ಕಳು ತಟ್ಟೆ ಲೋಟ ಬಡ್ಕೊಂಡು ಬೀದೀಲಿ ಕೂತ್ರು. ನಾವೇನ್ ಮಾಡಿದ್ವಿ? ಆಟೋದವ್ನು ಡಬಲ್ ಕೇಳಿದ್ದಕ್ಕೆ ಕಂಡಕ್ಟರ್‌ನ ಬೈದ್ವಿ.

ಇನ್ನು ಪ್ರೈವೇಟ್ ಸ್ಕೂಲ್ ಟೀಚರ್ಸ್. ಇದ್ರಲ್ಲಿ ನನ್ ತಪ್ಪೂ ಇದೆ. ಕೊರೊನಾ ವರ್ಷ ಫೀಸ್ ಇಳಿಸಿ ಅಂತ ಸ್ಕೂಲ್ ಗೇಟ್ ಮುಂದೆ ಕಿರುಚಿದವ್ರಲ್ಲಿ ನಾನೂ ಒಬ್ಬ, 2021ರ ಜನವರಿ ಕೊನೇಲಿ ಸರ್ಕಾರ ಬೋಧನಾ ಶುಲ್ಕದಲ್ಲಿ 70 ಪರ್ಸೆಂಟ್ ಮಾತ್ರ ತಗೊಳ್ಳಿ ಅಂದಾಗ ಸ್ವೀಟ್ ತಂದಿದ್ದೆ. ಮುಂದಿನ ತಿಂಗಳೇ, ಫೀಸ್ ಕಟ್ ಆದ್ರೆ ನಮ್ ಸಂಬಳ ಎಲ್ಲಿಂದ ಅಂತ ಟೀಚರ್‌ಗಳು ರೈಲ್ವೆ ಸ್ಟೇಷನ್‌ನಿಂದ ಫ್ರೀಡಂ ಪಾರ್ಕ್‌ಗೆ ಮೆರವಣಿಗೆ ಬಂದ್ರು. ಟಿವೀಲಿ ನೋಡ್ತಿದ್ದ ನನ್ ಮಗಳು 'ಅಪ್ಪಾ ನಮ್ ಮಿಸ್ ಕೂಡ ಇದಾರೇನೋ' ಅಂದ್ಲು. ಚಾನೆಲ್ ಬದಲಾಯಿಸ್ದೆ.

ವಿರೋಧ

ಮೇಲಿನವ್ರು ಬರೆದಿದ್ದು ಓದಿ ನಂಗೂ ಒಂದು ಕ್ಷಣ ಪಾಪ ಅನ್ನಿಸ್ತು, ಆಮೇಲೆ ನನ್ 2020 ನೆನಪಾಯ್ತು. ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ನಂದು. ಲಾಕ್‌ಡೌನ್ ಬಂತು, ಓನರ್ ಒಂದು ತಿಂಗಳು ಅರ್ಧ ಸಂಬಳ ಕೊಟ್ಟ, ಆಮೇಲೆ 'ಫೋನ್ ಮಾಡ್ತೀನಿ ಇರು' ಅಂದ, ನಾನು ಫೋನ್ ಚಾರ್ಜ್ ಮಾಡ್ಕೊಂಡು ಕೂತಿದ್ದೇ ಬಂತು. ನನಗೆ ಡಿಎ ಅನ್ನೋದೇ ಇಲ್ಲ, ನಿಲ್ಲಿಸೋಕೆ. ಆಗ ಯಾವ ಸಂಘದವ್ರು ಪೀಣ್ಯಕ್ಕೆ ಬಂದು ಅಯ್ಯೋ ಅಂದ್ರು ಹೇಳಿ? ಕನಿಕರ ಅನ್ನೋದು ಮುಯ್ಯಿ ಇದ್ದಂಗೆ ಕಣ್ರೀ, ಅವ್ರು ನಮ್ಮನೆಗೆ ಬಂದಿದ್ರೆ ತಾನೇ ನಾವು ಹೋಗೋದು.

ಮನೆಯ ಇ-ಖಾತಾದಲ್ಲಿ, ಅಂದ್ರೆ ಆಸ್ತಿ ದಾಖಲೇಲಿ, ನಮ್ಮಪ್ಪನ ಹೆಸರಲ್ಲಿ ಒಂದಕ್ಷರ ತಪ್ಪಿತ್ತು, ಸರಿ ಮಾಡಿಸೋಕೆ ಅರ್ಧ ದಿನದ ಕೂಲಿ ಬಿಟ್ಟು ಮೂರು ಸಲ ಒಂದಾಫೀಸಿಗೆ ಅಲೆದೆ. ಒಂದಿನ ಸಾಹೇಬ್ರು ಮೀಟಿಂಗು, ಒಂದಿನ ಸರ್ವರ್ರು, ಮೂರನೇ ದಿನ ಫೈಲ್ ಎಲ್ಲಿದೆ ಅಂತ ಗೊತ್ತಿರೋದು ಹೊರಗೆ ಟೀ ಕುಡೀತಿದ್ದ ಬ್ರೋಕರ್‌ಗೆ ಮಾತ್ರ. ಆ ಕುರ್ಚೀಲಿ ಕೂತೋನೂ ಮೇಡಂ ಜೊತೆ ಅದೇ ಸಂಘದ ಬ್ಯಾನರ್ ಹಿಡಿತಾನಲ್ಲ. ಜನಕ್ಕೆ ಕಾಣೋದು ಅವನ ಮುಖ, ನಾನೇನ್ ಮಾಡ್ಲಿ.

ಕಟ್ ಆಯ್ತು ಅಂತೀರಲ್ಲ, ಏಳನೇ ವೇತನ ಆಯೋಗ 27.5 ಪರ್ಸೆಂಟ್ ಜಾಸ್ತಿ ಮಾಡಿ ಅಂತು, 2024ರ ಆಗಸ್ಟ್‌ನಿಂದ ಅದು ಜಾರಿಗೂ ಬಂತು. 2025ರ ಜನವರೀಲಿ ಬಸ್ ಚಾರ್ಜು 15 ಪರ್ಸೆಂಟ್ ಏರಿತು, ಕಾರಣ ಕೇಳಿದ್ರೆ ಡೀಸೆಲ್ಲು, ಸಿಬ್ಬಂದಿ ಖರ್ಚು ಅಂದ್ರು. ನಮ್ ಮನೆಯವ್ಳಿಗೆ ಫ್ರೀ ಟಿಕೆಟ್ಟು, ಸರಿ, ನನಗಿಲ್ವಲ್ಲ. ಕಂಡಕ್ಟರ್ ಸಂಬಳ ಜಾಸ್ತಿ ಆಗ್ಲಿ ಅಂತ ಕೈ ಎತ್ತಬೇಕಾದವ್ನೂ ನಾನೇ, ಟಿಕೆಟ್‌ಗೆ ಕಾಸು ಕೊಡ್ಬೇಕಾದವ್ನೂ ನಾನೇ.

ಒಂದು ಮಾತು ಒಪ್ಕೋತೀನಿ. ಗೆಸ್ಟ್ ಟೀಚರ್‌ಗಳ ಕಷ್ಟ ಬೇರೆ, ಅದೇ ಸ್ಟಾಫ್ ರೂಮಲ್ಲಿ ಕೂತು, ಅದೇ ಪಾಠ ಮಾಡಿ, ಪಕ್ಕದವ್ರಿಗೆ ಬರೋದ್ರಲ್ಲಿ ಒಂದು ಸಣ್ಣ ಪಾಲಷ್ಟೇ ಸಿಗುತ್ತೆ, ಬೇಸಿಗೆ ರಜಕ್ಕೆ ಅದೂ ಇಲ್ಲ. ಅವ್ರಿಗೆ ನನ್ ಕನಿಕರ ಪೂರ್ತಿ ಇದೆ. ಆದ್ರೆ ಪಕ್ಕದ ಕುರ್ಚಿಯ ಪರ್ಮನೆಂಟ್ ಮೇಷ್ಟ್ರು ಅವರಿಗೋಸ್ಕರ ಒಂದಿನ ರಜ ಹಾಕಿ ಕೂತಿದ್ದು ನಾನಂತೂ ನೋಡಿಲ್ಲ. 2023ರ ಮಾರ್ಚ್ 1ಕ್ಕೆ ಸರ್ಕಾರಿ ನೌಕರರು ಮುಷ್ಕರ ಮಾಡಿದ್ರು, ಅವತ್ತೇ 17 ಪರ್ಸೆಂಟ್ ಮಧ್ಯಂತರ ಪರಿಹಾರದ, ಅಂದ್ರೆ ತಾತ್ಕಾಲಿಕ ಸಂಬಳ ಹೆಚ್ಚಳದ, ಆದೇಶ ಬಂತು, ಎದ್ದು ಮನೆಗೆ ಹೋದ್ರು. 2025ರ ಜನವರೀಲಿ ಆಶಾ ಅಕ್ಕಂದಿರು ಅದೇ ಫ್ರೀಡಂ ಪಾರ್ಕಲ್ಲಿ ಚಳೀಲಿ ನಾಲ್ಕು ದಿನ ಕೂತು ತಗೊಂಡಿದ್ದು ತಿಂಗಳಿಗೆ ಹತ್ತು ಸಾವಿರ ಖಾತ್ರಿ ಅನ್ನೋ ಭರವಸೆ.