ಭಾಗವತರು ಎಲ್ಲಿಗೆ ಹೋದ್ರು?

ಹಳೇ ಮದರ್‌ಬೋರ್ಡಿಗೆ ಆಡಿಯೋ ಚಿಪ್ ಬೆಸುಗೆ ಹಾಕ್ತಿದೀನಿ ಅಂತ ಫೋಟೋ ಹಾಕಿದ್ದಕ್ಕೆ ಅರ್ಧ ಜನ "ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳೋದಲ್ವಾ ಮಾರಾಯ" ಅಂದಿದ್ದೀರಿ. ಅಂಗಡಿಯಲ್ಲಿ ಉಪ್ಪಿನಕಾಯಿ ಸಿಗುತ್ತೆ ಅಂತ ನಿಮ್ಮನೇಲಿ ಮಾವಿನ ಮಿಡಿ ಹಾಕೋದು ಬಿಟ್ಟಿದ್ದಾರಾ?

 ಬೋರ್ಡು ಅಗ್ಗದ ಮಾದರಿ, ಹಾಗಾಗಿ ಆಡಿಯೋ ಚಿಪ್ ಜಾಗ ಖಾಲಿ. ಚಿಪ್ಪಿನ ಕಾಲು ಕೂರೋ 48 ಲೋಹದ ಪ್ಯಾಡ್ ಹೊಳೀತಾ ಕೂತಿದ್ದವು. ಇದು ಎಸಿ'97 ಅನ್ನೋ ಹಳೇ ಆಡಿಯೋ ಮಾನದಂಡದ ಕಾಲದ್ದು. ಮುಖ್ಯವಾದ ಕಾಲುಗಳ ಜಾಗ ಆ ಕಾಲದ ಚಿಪ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಶಿವಮೊಗ್ಗದ ಗುಜರಿಯಲ್ಲಿ ಸತ್ತ ಬೋರ್ಡೊಂದನ್ನು ಹುಡುಕಿ ತಂದೆ. ಒಂದು ಎಚ್ಚರಿಕೆ: 2004ರ ನಂತರ ಬಂದ ಎಚ್‌ಡಿ ಆಡಿಯೋ ಚಿಪ್ಪೂ ನೋಡೋಕೆ ಹೀಗೇ, 48 ಕಾಲು. ಆದರೆ ಅದರ ಭಾಷೆಯೇ ಬೇರೆ, ಇಲ್ಲಿ ನಡೆಯಲ್ಲ.

ತೀರ್ಥಹಳ್ಳಿಯ ಮೊಬೈಲ್ ರಿಪೇರಿ ಹುಡುಗ ಹಾಟ್ ಏರ್‌ನಲ್ಲಿ ಚಿಪ್ ಎತ್ತಿಕೊಟ್ಟ. ಉಳಿದ ಬೋರ್ಡನ್ನು ಅಟ್ಟಕ್ಕೆ ಎಸೆದೆ. ಅದೇ ತಪ್ಪಾಗಿದ್ದು.

ಕಾಲು ಕಾಲಿನ ನಡುವೆ ಅರ್ಧ ಮಿಲಿಮೀಟರ್. ಒಂದೊಂದೇ ಕಾಲಿಗೆ ಬೆಸುಗೆ ಹಾಕ್ತೀನಿ ಅಂದ್ರೆ ಆಗಲ್ಲ. ಮೊದಲು ಚಿಪ್ಪಿನ ಮೇಲಿನ ಚುಕ್ಕಿ ನೋಡಿ ಒಂದನೇ ಕಾಲು ಯಾವುದು ಅಂತ ಸರಿ ಮಾಡಿಕೊಂಡು, ಎರಡು ಮೂಲೆ ಹಿಡಿಸಿ, ಬೆಸುಗೆ ಚೆನ್ನಾಗಿ ಹಿಡಿಯೋಕೆ ಫ್ಲಕ್ಸ್ ಧಾರಾಳವಾಗಿ ಬಳಿದು, ಚಪ್ಪಟೆ ತುದಿಯ ಬೆಸುಗೆ ಐರನ್‌ನಲ್ಲಿ ಕರಗಿದ ಬೆಸುಗೆ ಸೀಸವನ್ನು ಸಾಲುದ್ದಕ್ಕೂ ಎಳೀಬೇಕು. ಕಾಲುಗಳ ನಡುವೆ ಅಂಟಿಕೊಂಡಿದ್ದನ್ನು ತಾಮ್ರದ ವಿಕ್, ಅಂದ್ರೆ ಬತ್ತಿ, ಹೀರಿಕೊಳ್ಳುತ್ತೆ. 63 ಪಾಲು ತವರ, 37 ಪಾಲು ಸೀಸದ ಬೆಸುಗೆ 183 ಡಿಗ್ರಿಗೇ ಕರಗುತ್ತೆ, ಆರಾಮು. ಆರಾಮಿಲ್ಲದ್ದು ನಮ್ಮ ಆಷಾಢದ ಕರೆಂಟು. ಎರಡನೇ ಸಾಲಿನ ನಡುವೆ ಹೋಯ್ತು, ಐರನ್ ತಣ್ಣಗಾಯ್ತು, ನಾನು ಚಹಾ ಕುಡಿದು ಬಂದೆ.

ಆಮೇಲೆ ಆನ್ ಮಾಡಿದರೆ ಏನೂ ಇಲ್ಲ. ಚಿಪ್ ಇದೆ ಅಂತಲೇ ಕಂಪ್ಯೂಟರಿಗೆ ಗೊತ್ತಿಲ್ಲ. ಎರಡು ದಿನ ಬೆಸುಗೆಯನ್ನೇ ಬೈದೆ. ಕೊನೆಗೆ ನೋಡಿದರೆ ಪಕ್ಕದಲ್ಲಿ ಇನ್ನೂ ನಾಲ್ಕೈದು ಜಾಗ ಖಾಲಿ! 24.576 ಮೆಗಾಹರ್ಟ್ಸ್ ಕ್ರಿಸ್ಟಲ್ ಇಲ್ಲ. ಈ ಚಿಪ್ ಆ ಕ್ರಿಸ್ಟಲ್‌ನಿಂದಲೇ 12.288 ಮೆಗಾಹರ್ಟ್ಸಿನ ಗಡಿಯಾರದ ಮಿಡಿತ ಮಾಡಿ, ಬೋರ್ಡಿನ ಕಡೆಯಿಂದ ಆಡಿಯೋ ನೋಡಿಕೊಳ್ಳುವ ಸೌತ್‌ಬ್ರಿಜ್‌ಗೆ ಕೊಡಬೇಕು. ತಾಳ ಹಾಕೋರೇ ಇಲ್ಲ ಅಂದ್ಮೇಲೆ ಯಾರು ಕುಣೀತಾರೆ? 12 ವೋಲ್ಟನ್ನು 5 ಮಾಡಿ ಅನಲಾಗ್ ಭಾಗಕ್ಕೆ ಕೊಡುವ 78ಎಲ್05 ಕೂಡ ಇರಲಿಲ್ಲ. ಅದಕ್ಕೇ ಹೇಳ್ತಿರೋದು, ಚಿಪ್ ಹಾಕೋದು ಸುಲಭದ ಕೆಲಸ, ಅದರ ಸುತ್ತ ಏನೇನು ಬಿಟ್ಟಿದ್ದಾರೆ ಅಂತ ಮೊದಲು ನೋಡಿ. ಸತ್ತ ಬೋರ್ಡನ್ನಂತೂ ಕೊನೇವರೆಗೂ ಕಣ್ಣೆದುರೇ ಇಟ್ಕೊಳ್ಳಿ.

ಅಟ್ಟ ಹತ್ತಿ, ಅಡಿಕೆ ಚೀಲಗಳ ಹಿಂದಿನಿಂದ ಅದನ್ನು ಎಳೆದು ತಂದು, ಬೇಕಾದ ಬಿಡಿಭಾಗ ಎಲ್ಲ ಬಿಚ್ಚಿ ನನ್ನ ಬೋರ್ಡಿಗೆ ಹಾಕಿದೆ. ಈ ಸಲ ಚಿಪ್ ಕಾಣಿಸಿತು. ಎರಡು ಮೈಕ್ ಇಟ್ಟು ನಾವೇ ರೆಕಾರ್ಡ್ ಮಾಡಿದ್ದ ಯಕ್ಷಗಾನ ಹಾಕಿದೆ. ಬಲಗಡೆಯಿಂದ ಚಂಡೆ ಬಡಿದಿದ್ದೇ ಬಡಿದಿದ್ದು. ಅಮ್ಮ ಒಳಗಿಂದ, "ಭಾಗವತರು ಎಲ್ಲಿಗೆ ಹೋದ್ರೋ?" ಅಂದಳು.

35ನೇ ಕಾಲು ಎಡ ಸ್ಪೀಕರಿನದು. ಭೂತಗನ್ನಡಿ ಹಿಡಿದರೆ ಪ್ಯಾಡಿನಿಂದ ಕೂದಲೆಳೆಯಷ್ಟು ಮೇಲೆದ್ದಿತ್ತು. ಸೂಜಿಯಲ್ಲಿ ಒತ್ತಿ ಹಿಡಿದು ಐರನ್ ತಾಗಿಸಿದೆ. ಭಾಗವತರು ಬಂದರು, ಅಷ್ಟರಲ್ಲಿ ಮತ್ತೆ ಕರೆಂಟ್ ಹೋಯ್ತು.