ಮೈಲುತುತ್ತವನ್ನು ಯಾವ ಬ್ಯಾಕ್ಟೀರಿಯಾವೂ ತಿನ್ನುವುದಿಲ್ಲ

ಮಳೆ ಹಿಡಿಯುವ ಮೊದಲು ಒಂದು ಸುತ್ತು ಕೊಳೆರೋಗದ ಔಷಧಿ ಹೊಡೆಸಿ ಮುಗಿಸಬೇಕು ಅಂತ ನಮ್ಮೂರಿನ ಅಡಿಕೆ ತೋಟಗಳಲ್ಲೆಲ್ಲ ಈಗ ಗಡಿಬಿಡಿ. ಅದಕ್ಕೆ ಬೇಕಾದ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟು, ತರಲು ಪೇಟೆಗೆ ಹೋದವನು ಅಂಗಡಿಯವರನ್ನು ಕೇಳಿದೆ, "ವರ್ಷಾ ವರ್ಷಾ ಇಷ್ಟು ತಾಮ್ರ ಸುರಿದರೆ ಮಣ್ಣಿನ ಗತಿ ಏನು?" "ಎಂತ ತಲೆಬಿಸಿ ಮಾರಾಯ್ರೆ, ಮಣ್ಣಲ್ಲಿ ಬ್ಯಾಕ್ಟೀರಿಯಾ ಇರ್ತಾವಲ್ಲ, ಎಲ್ಲ ತಿಂದು ಹಾಕ್ತವೆ" ಅಂದರು. ಈ ಮಾತು ಈಗ ಬಹಳ ಜನರ ಬಾಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಾತು ಪೂರ್ತಿ ಸುಳ್ಳಲ್ಲ. ಡಯಜಿನಾನ್, ಪ್ಯಾರಾಥಿಯಾನ್ ಎಂಬ ಕೀಟನಾಶಕಗಳನ್ನು ಒಡೆದುಹಾಕುವ ಬ್ಯಾಕ್ಟೀರಿಯಾವೊಂದು ಫಿಲಿಪೀನ್ಸಿನ ಭತ್ತದ ಗದ್ದೆಯಲ್ಲಿ ಸಿಕ್ಕಿದ್ದನ್ನು ನಮ್ಮ ದೇಶದವರೇ ಆದ ಎನ್. ಸೇತುನಾಥನ್ ಮತ್ತು ಅವರ ಜೊತೆಗಾರ ಯೊಶಿದಾ 1973ರಲ್ಲೇ ಪ್ರಕಟಿಸಿದ್ದರು. ಒಂದೇ ಔಷಧಿ ಮತ್ತೆ ಮತ್ತೆ ಬಿದ್ದ ಮಣ್ಣಿನಲ್ಲಿ ಅದನ್ನು ಒಡೆಯಬಲ್ಲ ಜೀವಿಗಳು ಹೆಚ್ಚುತ್ತವೆ. ಕಾರ್ಬೋಫ್ಯುರಾನ್ ಹಾಕಿ ಹಾಕಿ, ಕೊನೆಗೆ ಅದು ಕೀಟಕ್ಕೆ ತಾಗುವ ಮೊದಲೇ ಕರಗಿಹೋಗುವ ಹೊಲಗಳೂ ಇವೆ.

ತಾಮ್ರದ ವಿಷಯ ಹಾಗಲ್ಲ. ಅದು ಮೂಲಧಾತು, ಒಡೆಯಲು ಅದರಲ್ಲಿ ಏನೂ ಇಲ್ಲ. ಕೊಳೆಗೆ ನಾವು ಹೊಡೆಯುವುದು ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ಲೆಕ್ಕ ಹಾಕಿ ನೋಡಿ: ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, ಅದರಲ್ಲಿ ಕಾಲು ಭಾಗ ತಾಮ್ರ. 200 ಲೀಟರಿನ ಒಂದು ಡ್ರಮ್ಮಿಗೆ ಅರ್ಧ ಕೆ.ಜಿ. ತಾಮ್ರ. ನಮ್ಮದು ವರ್ಷಕ್ಕೆ ಹತ್ತು ಡ್ರಮ್, ಅಂದರೆ 5 ಕೆ.ಜಿ. ನಾನು ತೋಟ ನೋಡಿಕೊಳ್ಳಲು ಶುರುಮಾಡಿ 30 ವರ್ಷ. ಹಳ್ಳಕ್ಕೆ ತೊಳೆದುಹೋದದ್ದು ಬಿಟ್ಟು ಉಳಿದದ್ದೆಲ್ಲ ಅಲ್ಲೇ ಇದೆ.

ಸುಣ್ಣ ಸಾಕಾಯಿತೋ ನೋಡಲು ಅಪ್ಪಯ್ಯ ಡ್ರಮ್ಮಿಗೆ ಕತ್ತಿ ಅದ್ದುತ್ತಿದ್ದರು. ಅಲಗಿನ ಮೇಲೆ ಕೆಂಪು ಪೊರೆ ಕಂಡರೆ ಇನ್ನೊಂದು ಬೊಗಸೆ ಸುಣ್ಣ. ಆ ಕೆಂಪೇ ತಾಮ್ರ. ಸುಣ್ಣ ಅದನ್ನು ಹಿಡಿದಿಡುತ್ತದೆ, ಆದರೆ ನಮ್ಮ ಮಲೆನಾಡಿನ ಹುಳಿ ಮಣ್ಣು ಮೆಲ್ಲಗೆ ಬಿಡಿಸುತ್ತದೆ.

ಬಿಡಿಸಿದ ತಾಮ್ರದ ನಡುವೆ ಬ್ಯಾಕ್ಟೀರಿಯಾ ಬದುಕುವ ರೀತಿ ಅಚ್ಚರಿಯದು. ಒಳಗೆ ಬಂದ ತಾಮ್ರವನ್ನು ಜೀವಕೋಶದ ಪೊರೆಯಲ್ಲಿರುವ ಪ್ರೋಟೀನು ಪಂಪಿನ ಹಾಗೆ ಹೊರಗೆ ತಳ್ಳುತ್ತದೆ. ಕೆಲವು ಅದನ್ನು ಕಡಿಮೆ ವಿಷದ ರೂಪಕ್ಕೆ ಬದಲಿಸುತ್ತವೆ, ಕೆಲವು ಮೈಮೇಲಿನ ಲೋಳೆಗೆ ಅಂಟಿಸಿಕೊಳ್ಳುತ್ತವೆ. ತಿನ್ನುವ ಮಾತೇ ಇಲ್ಲ. ಹೊರಗೆ ತಳ್ಳಿದ್ದು ಪಕ್ಕದ ಜೀವಿಯ ಬಾಗಿಲಲ್ಲಿ ಬೀಳುತ್ತದೆ, ತಾಳಲಾರದ್ದು ಸಾಯುತ್ತದೆ. ತಾಳುವ ಈ ಶಕ್ತಿಯ ವಂಶವಾಹಿಗಳು ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿದ್ದು ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಅದೇ ಉಂಗುರದಲ್ಲಿ ಆಂಟಿಬಯಾಟಿಕ್ಕಿಗೆ ಬಗ್ಗದ ವಂಶವಾಹಿ ಇದ್ದರೆ, ನಾವು ಹೊಡೆದ ತಾಮ್ರವೇ ಅದನ್ನೂ ಸಾಕುತ್ತದೆ. ನನಗೆ ನಿದ್ದೆ ಬಾರದಂತೆ ಮಾಡಿದ್ದು ಇದು.

ಔಷಧಿ ಬಿಡಿ ಎನ್ನುತ್ತಿಲ್ಲ. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಬೋರ್ಡೋ ತೋರಿಸಿಕೊಡದಿದ್ದರೆ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿರಲಿಲ್ಲ. ಔಷಧಿ ಅಡಿಕೆ ಗೊನೆಗೆ ತಾಗಲಿ, ಬುಡಕ್ಕೆ ಸುರಿಯುವುದು ಬೇಡ. ಉಳಿದ ದ್ರಾವಣವನ್ನು ಬಸಿಗಾಲುವೆಗೆ ಚೆಲ್ಲಬೇಡಿ. ಸೊಪ್ಪು, ಗೊಬ್ಬರ ಧಾರಾಳವಾಗಿ ಕೊಡಿ, ಅದು ತಾಮ್ರವನ್ನು ಕಟ್ಟಿಹಾಕುತ್ತದೆ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ತಾಮ್ರದ್ದೂ ಒಂದು ಸಾಲಿದೆ. ನಾನು ಇಷ್ಟು ವರ್ಷ ಸಾರಜನಕ, ರಂಜಕ, ಪೊಟ್ಯಾಷ್ ನೋಡಿ ಮಡಚಿಡುತ್ತಿದ್ದೆ. ನಿಮ್ಮ ಕಾರ್ಡಿನಲ್ಲಿ ಆ ಸಾಲಿನ ಎದುರು ಎಷ್ಟಿದೆ, ಕಾಮೆಂಟಿನಲ್ಲಿ ಹಾಕಿ.