ಸಿಂಡಿಕೇಟ್ ಕುರ್ಚಿ ಯಾರ ಋಣ?

ವಿಶ್ವವಿದ್ಯಾಲಯದ ಸಿಂಡಿಕೇಟಿಗೆ, ಅಂದರೆ ಅದರ ಆಡಳಿತ ಮಂಡಳಿಗೆ, ಸರ್ಕಾರ ಹೊಸಬರನ್ನು ನಾಮನಿರ್ದೇಶನ ಮಾಡಿದಾಗಲೆಲ್ಲ ಊರಲ್ಲಿ ಒಂದು ಫ್ಲೆಕ್ಸ್ ಏಳುತ್ತದೆ. ಮೇಲ್ಗಡೆ ಮುಖ್ಯಮಂತ್ರಿಗಳ ಫೋಟೋ, ಅದರ ಕೆಳಗೆ ಉಸ್ತುವಾರಿ ಸಚಿವರು, ಪಕ್ಕದಲ್ಲಿ ಶಾಸಕರು. ನಡುವೆ ಕೈಮುಗಿದು ನಿಂತ ಹೊಸ ಸದಸ್ಯರು. 'ಹಾರ್ದಿಕ ಅಭಿನಂದನೆಗಳು', ಕೆಳಗೆ ಅಭಿಮಾನಿ ಬಳಗ. ಇದನ್ನು ನೋಡಿ ನನ್ನ ಸಹೋದ್ಯೋಗಿಗಳು ನಗುತ್ತಾರೆ. ನನಗೇನೋ ಆ ಫ್ಲೆಕ್ಸ್ ಮೇಲೆ ಗೌರವವಿದೆ. ಆ ಸ್ಥಾನ ಯಾರ ಕೃಪೆಯಿಂದ ಬಂತು ಅಂತ ಅದು ಮುಚ್ಚುಮರೆ ಇಲ್ಲದೆ ಹೇಳುತ್ತದೆ. ಸರ್ಕಾರಿ ಆದೇಶದಲ್ಲಿ ಅಷ್ಟು ಪ್ರಾಮಾಣಿಕತೆ ಇರುವುದಿಲ್ಲ.

ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವನು. ಯಾವುದು ಅಂತ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಅಂತ ಇದನ್ನು ಓದುವ ಮೇಷ್ಟ್ರುಗಳಿಗೆ ಗೊತ್ತು.

ಹೊರಗಿನವರಿಗೆ ಸಿಂಡಿಕೇಟ್ ಅಂದರೆ ಏನು ಅಂತಲೇ ಗೊತ್ತಿರುವುದಿಲ್ಲ. ಪತ್ರಿಕೆಯಲ್ಲಿ ಬರುವುದೆಲ್ಲ ಕುಲಪತಿಗಳ ಸುದ್ದಿ. ಆದರೆ ನೇಮಕಾತಿ, ಬಜೆಟ್, ಕಟ್ಟಡದ ಕೆಲಸ, ಕಾಲೇಜುಗಳ ಸಂಯೋಜನೆ (ಅಫಿಲಿಯೇಷನ್), ಅಧ್ಯಾಪಕರ ಮೇಲಿನ ಶಿಸ್ತುಕ್ರಮ, ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಸಿಂಡಿಕೇಟ್ ಸಭೆಯ ಮೇಜಿನ ಮೇಲೆ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಪ್ರಕಾರ ಆ ಮೇಜಿನ ಸುತ್ತ ರಾಜ್ಯ ಸರ್ಕಾರ ನಾಮನಿರ್ದೇಶನ ಮಾಡಿದ ಆರು ಜನ ಕೂರುತ್ತಾರೆ. ಕುಲಾಧಿಪತಿಗಳು, ಅಂದರೆ ರಾಜ್ಯಪಾಲರು, ಹೆಸರಿಸಿದವರೂ ಇರುತ್ತಾರೆ. ಜೊತೆಗೆ ಅಧಿಕಾರಿಗಳು, ಸರದಿ ಪ್ರಕಾರ ಬರುವ ಡೀನ್‌ಗಳು, ಪ್ರಾಂಶುಪಾಲರು.

ಇನ್ನು ಕುಲಪತಿಗಳ ನೇಮಕ. ಆ ಕಾಯ್ದೆ ಹೇಳುವ ಶೋಧನಾ ಸಮಿತಿಯಲ್ಲಿ ನಾಲ್ಕು ಕಡೆಯವರಿರುತ್ತಾರೆ: ಕುಲಾಧಿಪತಿ, ಯುಜಿಸಿ (ಕೇಂದ್ರದ ವಿಶ್ವವಿದ್ಯಾಲಯ ಅನುದಾನ ಆಯೋಗ), ರಾಜ್ಯ ಸರ್ಕಾರ, ಸಿಂಡಿಕೇಟ್. ಸಮಿತಿ ಮೂರು ಹೆಸರು ಕೊಡುತ್ತದೆ, ಅದೂ ಅಕ್ಷರಾನುಕ್ರಮದಲ್ಲಿ. ಯಾರು ಮೊದಲು, ಯಾರು ಆಮೇಲೆ ಅಂತ ಹೇಳುವ ಹಾಗಿಲ್ಲ. ಸರ್ಕಾರದ ಸಹಮತಿ ಪಡೆದು ರಾಜ್ಯಪಾಲರು ಒಬ್ಬರನ್ನು ನೇಮಿಸುತ್ತಾರೆ. ಈ ನಾಲ್ಕರಲ್ಲಿ ವಿಶ್ವವಿದ್ಯಾಲಯದ ಸ್ವಂತ ದನಿ ಅಂತ ಇರುವುದು ಸಿಂಡಿಕೇಟಿನ ಪ್ರತಿನಿಧಿ ಒಬ್ಬರೇ. ಆ ಸಿಂಡಿಕೇಟಿನಲ್ಲೇ ಸರ್ಕಾರದ ಆರು ಜನ ಕೂತಿದ್ದಾರಲ್ಲ! ಸುತ್ತಿ ಬಳಸಿ ದಾರಿ ವಿಧಾನಸೌಧಕ್ಕೇ ಬರುತ್ತದೆ.

ಕಾನೂನಿನ ಮಾತು ಸಾಕು. ಇದು ನೆಲದ ಮೇಲೆ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಖಾಸಗಿ ಕಾಲೇಜಿಗೆ ಸಂಯೋಜನೆ ಕೊಡುವ ಮುಂಚೆ ಸ್ಥಳೀಯ ವಿಚಾರಣಾ ಸಮಿತಿ ಹೋಗಿ ನೋಡಿ ಬರಬೇಕು. ನಮ್ಮ ಬಾಯಲ್ಲಿ ಅದು ಎಲ್‌ಐಸಿ. ವಿಮೆ ಕಂಪನಿ ಅಲ್ಲ, ಆದರೆ ಕೆಲವರ ಜೀವನಕ್ಕೆ ಭದ್ರತೆ ಕೊಟ್ಟಿರುವುದು ನಿಜ. ಅಂಥ ಒಂದು ಸಮಿತಿಯಲ್ಲಿ ನಾನು ವಿಷಯ ತಜ್ಞನಾಗಿ ಹೋಗಿದ್ದೆ. ನಮ್ಮ ತಂಡದ ಮುಖ್ಯಸ್ಥರು ಒಬ್ಬ ನಾಮನಿರ್ದೇಶಿತ ಸಿಂಡಿಕೇಟ್ ಸದಸ್ಯರು. ಒಳ್ಳೆಯ ಮನುಷ್ಯ, ಮಾತು ಮೃದು. ಕಾಲೇಜಿನ ಬಾಗಿಲಲ್ಲಿ ಹಾರ, ಪೇಟ, ಶಾಲು. ಪ್ರಯೋಗಾಲಯಕ್ಕೆ ಹೋದರೆ ಮೈಕ್ರೋಸ್ಕೋಪುಗಳ ಮೇಲಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಗ್ರಂಥಾಲಯದಲ್ಲಿ ಒಂದು ಪುಸ್ತಕ ತೆಗೆದು ನೋಡಿದೆ, ಬೇರೆ ಕಾಲೇಜಿನ ಸೀಲು. ಇನ್ನೊಂದು ತೆಗೆದೆ, ಅದೇ ಸೀಲು. ಮೂರನೆಯದನ್ನು ತೆಗೆಯುವಷ್ಟರಲ್ಲಿ ಗ್ರಂಥಪಾಲಕರು ಎಳನೀರು ತಂದು ಕೈಗೆ ಕೊಟ್ಟರು.

ಅಷ್ಟರಲ್ಲಿ ಸದಸ್ಯರ ಫೋನು. "ಹ್ಞೂಂ ಅಣ್ಣ, ಇಲ್ಲೇ ಇದೀವಿ. ಎಲ್ಲಾ ಚೆನ್ನಾಗಿ ಇಟ್ಕೊಂಡಿದಾರೆ. ಆಯ್ತಣ್ಣ, ನೋಡ್ಕೋತೀನಿ." ಆ ಕಡೆ ಯಾರಿದ್ದರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸೀಲಿನ ವಿಷಯ, ಲ್ಯಾಬಿನ ವಿಷಯ ಎರಡನ್ನೂ ನಾನು ಬರೆದು ಕೊಟ್ಟೆ. ಸಿಂಡಿಕೇಟ್ ಮುಂದೆ ಹೋದ ವರದಿಯಲ್ಲಿ ನನ್ನ ಆಕ್ಷೇಪ ಒಂದು ಸಾಲಾಗಿತ್ತು: 'ಗ್ರಂಥಾಲಯವನ್ನು ಇನ್ನಷ್ಟು ಬಲಪಡಿಸಬಹುದು.' ಷರತ್ತುಬದ್ಧ ಸಂಯೋಜನೆಗೆ ಶಿಫಾರಸು ಆಯಿತು.

ಆ ಸದಸ್ಯರನ್ನು ಭ್ರಷ್ಟರು ಅಂತ ಕರೆಯಲು ನನ್ನ ಹತ್ತಿರ ಏನೂ ಆಧಾರ ಇಲ್ಲ, ಹಾಗನ್ನಿಸಲೂ ಇಲ್ಲ. ಅವರು 'ಇಲ್ಲ ಅಣ್ಣ, ಇದು ಆಗಲ್ಲ' ಅನ್ನುವ ಸ್ಥಿತಿಯಲ್ಲಿ ಇರಲಿಲ್ಲ, ಅಷ್ಟೆ. ಸರ್ಕಾರ ಬದಲಾದರೆ ನಾಮನಿರ್ದೇಶನ ರದ್ದು. ಕೆಲವು ಸಲ ಸರ್ಕಾರ ಅದೇ ಇದ್ದು ಬಣ ಬದಲಾದರೂ ಸಾಕು. ಕೊಟ್ಟವರು ಯಾವಾಗ ಬೇಕಾದರೂ ವಾಪಸ್ ಕಿತ್ತುಕೊಳ್ಳಬಹುದಾದ ಕುರ್ಚಿಯಲ್ಲಿ ಕೂತು ಕೊಟ್ಟವರ ವಿರುದ್ಧ ಮಾತಾಡು ಅಂದರೆ ಯಾರು ಮಾತಾಡುತ್ತಾರೆ? ನಾನಾಗಿದ್ದರೂ ಕಷ್ಟವೇ.

ಅದಕ್ಕೇ 'ರಾಜಕಾರಣಿಗಳನ್ನು ವಿಶ್ವವಿದ್ಯಾಲಯದಿಂದ ಓಡಿಸಿ, ಪ್ರೊಫೆಸರುಗಳೇ ನಡೆಸಿಕೊಳ್ಳಲಿ' ಅನ್ನುವ ಘೋಷಣೆಗೆ ನಾನು ಕೈ ಎತ್ತುವುದಿಲ್ಲ. ಸ್ಟಾಫ್ ರೂಮಿನಲ್ಲಿ ಈ ಮಾತಿಗೆ ಚಪ್ಪಾಳೆ ಜಾಸ್ತಿ. ಆದರೆ ಆ ಆರು ನಾಮನಿರ್ದೇಶನಗಳಲ್ಲಿ ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಅಲ್ಪಸಂಖ್ಯಾತರಿಗೆ, ಮಹಿಳೆಯರಿಗೆ ಜಾಗ ಇಟ್ಟಿರುವುದು ಶಾಸನಸಭೆ. ನಮ್ಮನ್ನೇ ಕೇಳಿದ್ದರೆ ನಾವು ಇಡುತ್ತಿದ್ದೆವಾ? ಮೀಸಲಾತಿ ರೋಸ್ಟರ್ ಸರಿಯಾಗಿಲ್ಲ ಅಂತ ಸಭೆಯಲ್ಲಿ ಎದ್ದು ನಿಂತು ನೇಮಕಾತಿ ತಡೆದ ನಾಮನಿರ್ದೇಶಿತ ಸದಸ್ಯರನ್ನೂ ನಾನು ಬಲ್ಲೆ. ಆ ದಿನ ಡೀನ್‌ಗಳೆಲ್ಲ ಕಡತದಲ್ಲಿ ತಲೆ ಹುದುಗಿಸಿ ಕೂತಿದ್ದರಂತೆ. ಕುಲಪತಿ ಹುದ್ದೆ ಖಾಲಿಯಾದ ತಕ್ಷಣ ತಂತಮ್ಮ ಜಾತಿಯ ಮಠಕ್ಕೆ, ಮಂತ್ರಿಗಳ ಮನೆಗೆ ಬಯೋಡೇಟಾ ಹಿಡಿದು ಹೊರಡುವವರು ರಾಜಕಾರಣಿಗಳಲ್ಲ, ನಮ್ಮವರೇ.

ತೆರಿಗೆ ದುಡ್ಡಿನಲ್ಲಿ ನಡೆಯುವ ಸಂಸ್ಥೆಯಲ್ಲಿ ಜನರ ಸರ್ಕಾರಕ್ಕೆ ಒಂದು ಮಾತು ಇರಲೇಬೇಕು. ಎಷ್ಟು ಅನ್ನುವುದೇ ಪ್ರಶ್ನೆ. ಇದು ಹೊಸ ಪ್ರಶ್ನೆಯೂ ಅಲ್ಲ. ಸರ್ಕಾರದ ನೆರವು ಬೇರೆ, ಪಾಠ ಪ್ರವಚನದ ಮೇಲೆ ಸರ್ಕಾರದ ಹಿಡಿತ ಬೇರೆ, ಎರಡನ್ನೂ ಒಂದು ಮಾಡಬೇಡಿ ಅಂತ ವಿಶ್ವವಿದ್ಯಾಲಯ ಶಿಕ್ಷಣದ ಬಗ್ಗೆ ನೇಮಿಸಿದ್ದ 1948-49ರ ರಾಧಾಕೃಷ್ಣನ್ ಆಯೋಗವೇ ಹೇಳಿತ್ತು.

ಈಗಿನ ಜಗಳ ನೋಡಿ. 2025ರ ಜನವರಿಯಲ್ಲಿ ಯುಜಿಸಿ ಒಂದು ಕರಡು ನಿಯಮ ಹೊರಡಿಸಿತು. ಅದರಲ್ಲಿ ಕುಲಪತಿ ಶೋಧನಾ ಸಮಿತಿಯಿಂದ ರಾಜ್ಯ ಸರ್ಕಾರದ ಪ್ರತಿನಿಧಿಯೇ ಮಾಯ. ಉದ್ಯಮ, ಸಾರ್ವಜನಿಕ ಆಡಳಿತ ಕ್ಷೇತ್ರದವರೂ ಕುಲಪತಿ ಆಗಬಹುದು ಅಂತಲೂ ಇತ್ತು. ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಆರು ರಾಜ್ಯಗಳ ಕಡೆಯವರು ಸೇರಿ ಇದನ್ನು ವಿರೋಧಿಸಿದರು. ವಿರೋಧ ಸರಿಯಾಗಿಯೇ ಇತ್ತು. ಅದಕ್ಕೆ ಮುಂಚೆ, 2024ರ ಡಿಸೆಂಬರಿನಲ್ಲಿ, ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯನ್ನೇ ಕುಲಾಧಿಪತಿ ಮಾಡುವ ಮಸೂದೆಯನ್ನು ನಮ್ಮ ವಿಧಾನಮಂಡಲ ಅಂಗೀಕರಿಸಿತ್ತು. ಮನೆ ಯಾರ ಹೆಸರಲ್ಲಿರಬೇಕು ಅಂತ ಅಣ್ಣತಮ್ಮಂದಿರ ಜಗಳ, ಒಳಗೆ ಸಂಸಾರ ಮಾಡುತ್ತಿರುವ ಬಾಡಿಗೆಯವರನ್ನು ಕೇಳಿದವರಿಲ್ಲ. ರಾಜಭವನವೋ ವಿಧಾನಸೌಧವೋ ಅನ್ನುವ ಈ ಚರ್ಚೆಯಲ್ಲಿ ಅಧ್ಯಾಪಕರು, ವಿದ್ಯಾರ್ಥಿಗಳು ಎಲ್ಲಿದ್ದಾರೆ?

ಕೇರಳದಲ್ಲಿ ಕಣ್ಣೂರು ವಿಶ್ವವಿದ್ಯಾಲಯದ ಕುಲಪತಿಗಳ ಮರುನೇಮಕವನ್ನು ಸುಪ್ರೀಂ ಕೋರ್ಟ್ 2023ರ ನವೆಂಬರಿನಲ್ಲಿ ರದ್ದು ಮಾಡಿತು. ರಾಜ್ಯ ಸರ್ಕಾರ ಮಧ್ಯೆ ಕೈ ಹಾಕಿತ್ತು, ಕುಲಾಧಿಪತಿಗಳು ತಮ್ಮ ವಿವೇಚನೆಯನ್ನು ಬಿಟ್ಟುಕೊಟ್ಟಿದ್ದರು ಅನ್ನುವುದು ಕಾರಣ. ಅಲ್ಲಿ ಆ ಪಕ್ಷ, ಇಲ್ಲಿ ಈ ಪಕ್ಷ. ದಯವಿಟ್ಟು ಇದನ್ನು ಒಂದು ಪಕ್ಷದ ವಿರುದ್ಧದ ಪೋಸ್ಟ್ ಅಂತ ಷೇರ್ ಮಾಡಬೇಡಿ.

ಹೊರದೇಶದ ಕಥೆಯೂ ಹೀಗೇ. 2021ರ ಜನವರಿಯಲ್ಲಿ ಟರ್ಕಿಯ ಅಧ್ಯಕ್ಷರು ಇಸ್ತಾನ್‌ಬುಲ್‌ನ ಬೋಅಜಿಚಿ ವಿಶ್ವವಿದ್ಯಾಲಯಕ್ಕೆ ತಮ್ಮ ಪಕ್ಷದ ನಂಟಿದ್ದ ಹೊರಗಿನವರೊಬ್ಬರನ್ನು ರೆಕ್ಟರ್, ಅಂದರೆ ನಮ್ಮ ಕುಲಪತಿಯಂಥ ಮುಖ್ಯಸ್ಥ, ಮಾಡಿದರು. ಅಲ್ಲಿನ ಅಧ್ಯಾಪಕರು ಮಧ್ಯಾಹ್ನ ಗೌನು ಹಾಕಿಕೊಂಡು ರೆಕ್ಟರ್ ಕಚೇರಿಯ ಮುಂದೆ ಸೇರಿ, ಅದಕ್ಕೆ ಬೆನ್ನು ತಿರುಗಿಸಿ ಸುಮ್ನೆ ನಿಲ್ಲಲು ಶುರು ಮಾಡಿದರು. ಘೋಷಣೆ ಇಲ್ಲ, ಕಲ್ಲಿಲ್ಲ. ದಿನಾ ಬೆನ್ನು. ಜುಲೈನಲ್ಲಿ ಆ ರೆಕ್ಟರನ್ನು ಕೂರಿಸಿದವರೇ ಎಬ್ಬಿಸಿದರು. ಆದರೆ ಮುಂದಿನವರನ್ನು ನೇಮಿಸಿದ್ದೂ ಅದೇ ಅಧ್ಯಕ್ಷರು, ಹಾಗಾಗಿ ಬೆನ್ನುಗಳು ತಿರುಗಿಯೇ ಇದ್ದವು.

ಅಮೆರಿಕದ ಫ್ಲಾರಿಡಾದಲ್ಲಿ ನ್ಯೂ ಕಾಲೇಜ್ ಅಂತ ಒಂದು ಸಣ್ಣ ಸರ್ಕಾರಿ ಕಾಲೇಜು ಇದೆ. 2023ರ ಜನವರಿಯಲ್ಲಿ ಗವರ್ನರ್ ಅದರ ಆಡಳಿತ ಮಂಡಳಿಗೆ ಒಂದೇ ಏಟಿಗೆ ಆರು ಜನರನ್ನು ನೇಮಿಸಿದರು. ತಿಂಗಳು ಮುಗಿಯುವುದರೊಳಗೆ ಕಾಲೇಜಿನ ಅಧ್ಯಕ್ಷೆ ಹೊರಗೆ. ಏಪ್ರಿಲ್‌ನಲ್ಲಿ, ಕೆಳಗಿನ ಹಂತಗಳನ್ನೆಲ್ಲ ದಾಟಿ ಬಂದಿದ್ದ ಐದು ಅಧ್ಯಾಪಕರಿಗೆ ಮಂಡಳಿ ಟೆನ್ಯೂರ್ (ಕಾಯಂ ಹುದ್ದೆ) ನಿರಾಕರಿಸಿತು. ಮಂಡಳಿಯಲ್ಲಿದ್ದ ಅಧ್ಯಾಪಕರ ಪ್ರತಿನಿಧಿ ಆ ಸಭೆಯಲ್ಲೇ ರಾಜೀನಾಮೆ ಹೇಳಿ ಎದ್ದು ನಡೆದರು.

ಹಾಗಾದರೆ ತೆಗೆಯಲಾಗದ ಸ್ಥಾನ ಕೊಟ್ಟರೆ ಸರಿಹೋಗುತ್ತಾ? ಹಂಗೇರಿಯಲ್ಲಿ 2021ರಲ್ಲಿ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳನ್ನು ಪ್ರತಿಷ್ಠಾನಗಳ ಕೈಗೆ ಒಪ್ಪಿಸಿದರು. ಅವುಗಳ ಮಂಡಳಿಯಲ್ಲಿ ಮಂತ್ರಿಗಳೂ ಕೂತರು, ಅವಧಿಯ ಮಿತಿಯೇ ಇಲ್ಲದೆ. 2022ರ ಡಿಸೆಂಬರಿನಲ್ಲಿ ಯುರೋಪಿಯನ್ ಒಕ್ಕೂಟ ಅಂಥ ಸಂಸ್ಥೆಗಳಿಗೆ ಎರಾಸ್ಮಸ್ (ವಿದ್ಯಾರ್ಥಿ ವಿನಿಮಯ), ಹೊರೈಜನ್ (ಸಂಶೋಧನೆ) ಯೋಜನೆಗಳ ಹೊಸ ಅನುದಾನ ನಿಲ್ಲಿಸಿತು. ಪೆಟ್ಟು ಬಿದ್ದದ್ದು ಮಂತ್ರಿಗಳಿಗಲ್ಲ, ಹೊರದೇಶದಲ್ಲಿ ಒಂದು ಸೆಮಿಸ್ಟರ್ ಓದಬೇಕು ಅಂತಿದ್ದ ಹುಡುಗ ಹುಡುಗಿಯರಿಗೆ.

ನನ್ನ ಬೇಡಿಕೆ ದೊಡ್ಡದಲ್ಲ. ಸರ್ಕಾರ ನಾಮನಿರ್ದೇಶನ ಮಾಡಲಿ, ಆದರೆ ಪ್ರತಿ ಹೆಸರಿನ ಮುಂದೆ ಯಾಕೆ ಈ ವ್ಯಕ್ತಿ ಅಂತ ನಾಲ್ಕು ಸಾಲು ಬರೆಯಲಿ. ಒಮ್ಮೆ ಕೂರಿಸಿದ ಮೇಲೆ ಅವಧಿ ಮುಗಿಯುವ ತನಕ, ಸಾಬೀತಾದ ತಪ್ಪಿಲ್ಲದೆ ಮುಟ್ಟದಿರಲಿ. ಅವಧಿ ಒಂದೇ ಇರಲಿ. ಸ್ವಂತ ಶಿಕ್ಷಣ ಸಂಸ್ಥೆ ನಡೆಸುವವರು ಸಂಯೋಜನೆಯ ವಿಷಯ ಬಂದಾಗ ಹೊರಗೆ ಹೋಗಲಿ. ಅಧ್ಯಾಪಕರು ತಾವೇ ಮತ ಹಾಕಿ ಆರಿಸಿದ ಕೆಲವರಾದರೂ ಒಳಗಿರಲಿ. ಸರದಿಯಲ್ಲಿ ಬಂದವರು ಸರದಿಯಲ್ಲೇ ಹೋಗುತ್ತಾರೆ, ಅವರಿಗೆ ಬೆನ್ನಿಗೆ ನಿಲ್ಲುವವರು ಯಾರೂ ಇರುವುದಿಲ್ಲ.

ಇಲ್ಲಿ ಒಂದು ತೊಡಕಿದೆ. ಅಧ್ಯಾಪಕರು ಆರಿಸಲಿ ಅನ್ನುತ್ತೇನೆ, ಆದರೆ ಅಧ್ಯಾಪಕರು ಎಲ್ಲಿದ್ದಾರೆ? ನಮ್ಮ ಎಷ್ಟೋ ವಿಭಾಗಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರಿಂದ. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದ ಹುಡುಗಿ ಸಿಂಡಿಕೇಟ್ ವಿರುದ್ಧ ಬಾಯಿ ಬಿಡುತ್ತಾಳಾ? ಖಾಲಿ ಹುದ್ದೆ ತುಂಬದೆ ಸ್ವಾಯತ್ತತೆಯ ಮಾತಾಡುವುದು ನನಗೂ ಮುಜುಗರ.

ಆದರೆ ಒಂದು ಕೆಲಸಕ್ಕೆ ಹೊಸ ಕಾಯ್ದೆಯೂ ಬೇಡ, ಯಾರ ದಯೆಯೂ ಬೇಡ. ಸಿಂಡಿಕೇಟ್ ಸಭೆಯಲ್ಲಿ ನಿಜವಾದ ವಿಷಯಗಳು ಬರುವುದು ಕೊನೆಯಲ್ಲಿ, 'ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು' ಅನ್ನುವ ಸಾಲಿನಡಿ. ಊಟದ ಹೊತ್ತಾಗಿರುತ್ತದೆ. ಘಟನೋತ್ತರ ಅನುಮೋದನೆ, ಅಂದರೆ ಆಗಿಹೋದದ್ದಕ್ಕೆ ಆಮೇಲೆ ಒಪ್ಪಿಗೆ, ಅಂತ ಸರಸರ ದಾಟಿಹೋಗುತ್ತದೆ. ಆ ಪುಟ ನೋಡಬೇಕು. ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 4ರ ಪ್ರಕಾರ ಇಂಥ ಮಂಡಳಿಗಳ ವಿವರವನ್ನು, ಅವುಗಳ ನಡಾವಳಿ ಸಾರ್ವಜನಿಕರಿಗೆ ಸಿಗುತ್ತದೆಯೇ ಅನ್ನುವುದನ್ನು ಸಂಸ್ಥೆ ಯಾರೂ ಕೇಳದೆಯೇ ಪ್ರಕಟಿಸಬೇಕು. ನಿಮ್ಮ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಕಳೆದ ಮೂರು ವರ್ಷದ ಸಿಂಡಿಕೇಟ್ ನಡಾವಳಿ ಇದೆಯಾ ಹುಡುಕಿ. ಇಲ್ಲದಿದ್ದರೆ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಅರ್ಜಿಯಲ್ಲಿ 'ಇತರೆ ವಿಷಯಗಳೂ ಸೇರಿದಂತೆ' ಅಂತ ಬರೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಆ ಪುಟ ಬಿಟ್ಟು ಮಿಕ್ಕದ್ದೆಲ್ಲ ಕೊಡುತ್ತಾರೆ.